ಸಾವಿರದೈನೂರರ ಗೆರೆ

ಈ ಬ್ಲಾಗಿನಲ್ಲಿ ಕೋಟೆ, ಗುಡಿ, ಹಳೆಯ ರೈಲುದಾರಿ ಅಂತ ಏನೇನೋ ಬರೆದಿದ್ದೇನೆ. ಈ ಸಲ ಒಂದು ಸಂಖ್ಯೆಯ ಇತಿಹಾಸ. ಆ ಸಂಖ್ಯೆ 1500. ನೀವು ಇದನ್ನು ಪುಣೆಯಲ್ಲಿ ಕೂತು ಓದುತ್ತಿರಲಿ, ಮಸ್ಕತ್ತಿನಲ್ಲಿ ಕೂತು ಓದುತ್ತಿರಲಿ, ಈ ಪುಟ ನಿಮ್ಮ ಹತ್ತಿರ ಬಂದದ್ದು ಸಾವಿರದೈನೂರು ಬೈಟು ಮೀರದ ಸಣ್ಣ ಸಣ್ಣ ತುಂಡುಗಳಾಗಿ. ಆ ಮಿತಿಯನ್ನು 1980ರಲ್ಲಿ ಮೂರು ಕಂಪನಿಗಳು ಸೇರಿ ಹಾಕಿದವು. ಆಗ ತಂತಿಯ ವೇಗ ಸೆಕೆಂಡಿಗೆ 10 ಮೆಗಾಬಿಟ್. ಈಗ ದೊಡ್ಡ ಡೇಟಾ ಸೆಂಟರುಗಳಲ್ಲಿ 100 ಗಿಗಾಬಿಟ್ ಅನ್ನೋದು ಮಾಮೂಲು, ಅಂದರೆ ಹತ್ತು ಸಾವಿರ ಪಟ್ಟು. ವೇಗ ಇಷ್ಟು ಬೆಳೆದರೂ ತುಂಡಿನ ಅಳತೆ ಮಾತ್ರ ಇದ್ದಲ್ಲೇ ಇದೆ.

ಯಾಕೆ ಅನ್ನೋದಕ್ಕೆ ನನಗೆ ತೋಚಿದ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದೇ ತಂತಿಯ ಎರಡು ತುದಿಯಲ್ಲಿರುವ ಯಂತ್ರಗಳು ವೇಗ ಎಷ್ಟು ಅಂತ ತಾವೇ ಮಾತಾಡಿಕೊಳ್ಳುತ್ತವೆ. ಎಷ್ಟು ದೊಡ್ಡ ಫ್ರೇಮು ಹಿಡಿಸುತ್ತದೆ ಅಂತ ಮಾತಾಡಿಕೊಂಡು ಒಪ್ಪಂದಕ್ಕೆ ಬರುವುದಿಲ್ಲ. ಆ ಮಾತನ್ನು ಮನುಷ್ಯರು ಆಡಬೇಕು. ಮನುಷ್ಯರು ಆಡುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯ ರೈಲನ್ನೇ ನೋಡಿ. ನಾನಿರುವ ಊರು ಛತ್ರಪತಿ ಸಂಭಾಜಿನಗರ, 2023ರ ತನಕ ಔರಂಗಾಬಾದು. ಇಲ್ಲಿಂದ ನಾಸಿಕಕ್ಕೆ ರಸ್ತೆಯಲ್ಲಿ ಹೊರಟರೆ ನಡುವೆ ವೈಜಾಪುರ ಸಿಗುತ್ತದೆ, ಆಮೇಲೆ ಯೇವಲಾ. ರೈಲಿನಲ್ಲಿ ಹೊರಟರೆ ವೈಜಾಪುರದ ಸ್ಟೇಷನ್ನಿನ ಹೆಸರು ರೋಟೇಗಾಂವ್. ಹೊಸಬರು ವೈಜಾಪುರ ಬರಲಿ ಅಂತ ಕಾಯುತ್ತಾ ಕೂತು ಮನಮಾಡದ ತನಕ ಹೋಗಿಬಿಡುತ್ತಾರೆ! ಈ ಹಳಿ ನಿಜಾಮರ ಕಾಲದ್ದು. ಹೈದರಾಬಾದಿನಿಂದ ಮನಮಾಡದವರೆಗೆ 1900ರ ಆಚೀಚೆ ಹಾಕಿದ ಹೈದರಾಬಾದ್ ಗೋದಾವರಿ ವ್ಯಾಲಿ ರೈಲ್ವೆ. ಮೀಟರ್ ಗೇಜು, ಅಂದರೆ ಹಳಿಗಳ ನಡುವೆ 1000 ಮಿಲಿಮೀಟರು. ಮನಮಾಡದಲ್ಲಿ ಮುಂಬಯಿ ಕಡೆಯಿಂದ ಬಂದ ಜಿಐಪಿ ರೈಲ್ವೆಯದು ಬ್ರಾಡ್ ಗೇಜು, 1676 ಮಿಲಿಮೀಟರು. ಮರಾಠವಾಡದ ಹತ್ತಿ, ಜೋಳ ಮುಂಬಯಿಗೆ ಹೋಗಬೇಕಾದರೆ ಮನಮಾಡದಲ್ಲಿ ಹಮಾಲರು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. 1990ರ ದಶಕದಲ್ಲಿ ಹಳಿ ಅಗಲ ಮಾಡುವ ತನಕ ಇದೇ ನಡೆಯಿತು.

ಅಂದ ಹಾಗೆ ಆ ಕಾಲದಲ್ಲಿ ವೈಜಾಪುರ ಮತ್ತು ನಮ್ಮ ಕಲಬುರ್ಗಿ, ಬೀದರ, ರಾಯಚೂರು ಎಲ್ಲ ಒಂದೇ ಹೈದರಾಬಾದ್ ಸಂಸ್ಥಾನ. 1956ರ ನವೆಂಬರ್ 1ಕ್ಕೆ ದಾರಿ ಬೇರೆಯಾಯಿತು. ಇದೇ ಜಿಲ್ಲೆಯಲ್ಲಿ ಕನ್ನಡ ಅಂತಲೇ ಒಂದು ತಾಲ್ಲೂಕು ಇದೆ ಅಂತ ಎಷ್ಟು ಜನ ಕನ್ನಡಿಗರಿಗೆ ಗೊತ್ತೋ! ಬಸ್ಸಿನ ಹಣೆಯ ಮೇಲೆ ದೇವನಾಗರಿಯಲ್ಲಿ ಆ ಹೆಸರು ಓದಿದಾಗ ಇವತ್ತಿಗೂ ನನಗೆ ಸುಮ್ಮನೆ ಖುಷಿಯಾಗುತ್ತದೆ. ಇರಲಿ.

ಮುಂಬಯಿ, ಪುಣೆಯ ಹಳಬರಿಗೆ ಮನಮಾಡದ ಬದಲು ಮಿರಜ ಅಂದರೆ ಬೇಗ ತಿಳಿದೀತು. ಬೆಂಗಳೂರು ದಾರಿ ಅಗಲವಾಗುವ ಮುಂಚೆ ಊರಿಗೆ ಹೋಗುವವರೆಲ್ಲ ಟ್ರಂಕು, ಹಾಸಿಗೆ, ಮಕ್ಕಳನ್ನು ಹಿಡಿದುಕೊಂಡು ಮಿರಜದಲ್ಲಿ ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ಓಡಿದವರೇ. ಅಲ್ಲಿ ಗಾಡಿ ಬದಲಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಬೋರ್ಡಿತ್ತು, ಕೂಲಿಗಳಿದ್ದರು, ಸ್ಟೇಷನ್ ಮಾಸ್ತರರಿದ್ದರು. ಅಳತೆ ಬದಲಾಗುವ ಜಾಗ ಕಣ್ಣಿಗೆ ಕಾಣುತ್ತಿತ್ತು. ನೆಟ್‌ವರ್ಕಿನಲ್ಲಿ ಅದು ಕಾಣುವುದಿಲ್ಲ. ಸಂಕಟ ಅಲ್ಲೇ ಶುರು.

ಈಗ ಮೂಲಕ್ಕೆ ಬರೋಣ. 1973ರ ಮೇ 22ರಂದು ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್ಕಾಫ್ ಒಂದು ಟಿಪ್ಪಣಿ ಬರೆದರು. ಈಥರ್ನೆಟ್ ಅನ್ನೋ ಕಲ್ಪನೆ ಕಾಗದಕ್ಕೆ ಇಳಿದದ್ದು ಅದರಲ್ಲಿ. ಡೇವಿಡ್ ಬಾಗ್ಸ್ ಜೊತೆ ಸೇರಿ ಕಟ್ಟಿದ ಮೊದಲ ಜಾಲದ ವೇಗ 2.94 ಮೆಗಾಬಿಟ್. ಒಂದೇ ದಪ್ಪ ತಂತಿ, ಅದಕ್ಕೆ ಎಲ್ಲ ಕಂಪ್ಯೂಟರುಗಳೂ ನೇತುಬಿದ್ದಿರುತ್ತವೆ. ಯಾರಿಗೆ ಮಾತಾಡಬೇಕೋ ಅವರು ತಂತಿ ಖಾಲಿ ಇದೆಯಾ ಅಂತ ಕೇಳಿಸಿಕೊಂಡು ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಇಬ್ಬರೂ ನಿಲ್ಲಿಸಿ, ಸ್ವಲ್ಪ ತಡೆದು ಮತ್ತೆ ಶುರು ಮಾಡಬೇಕು. ನಮ್ಮ ಮನೆಗಳಲ್ಲಿ ಈ ಎರಡನೇ ನಿಯಮ ಯಾರೂ ಪಾಲಿಸುವುದಿಲ್ಲ, ಆದರೆ ಯಂತ್ರಗಳು ಪಾಲಿಸುತ್ತವೆ.

1980ರ ಸೆಪ್ಟೆಂಬರಿನಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂರೂ ಸೇರಿ 10 ಮೆಗಾಬಿಟ್ ಈಥರ್ನೆಟ್ಟಿನ ನಿಯಮಪುಸ್ತಕ ಹೊರತಂದವು. ಅದರಲ್ಲಿ ಎರಡು ಗೆರೆ ಇದ್ದವು. ಒಂದು ಫ್ರೇಮು 64 ಬೈಟಿಗಿಂತ ಚಿಕ್ಕದಾಗಬಾರದು, 1518 ಬೈಟಿಗಿಂತ ದೊಡ್ಡದಾಗಬಾರದು. 1518ರಲ್ಲಿ ಯಾರಿಗೆ, ಯಾರಿಂದ, ಯಾವ ಬಗೆಯ ಸರಕು ಅಂತ ಬರೆಯಲು 14 ಬೈಟು. ಕೊನೆಯಲ್ಲಿ ತಪ್ಪಿಲ್ಲದೆ ಬಂದಿದೆಯೇ ಅಂತ ತಾಳೆ ನೋಡಲು 4 ಬೈಟು. ಉಳಿದ 1500 ಒಳಗಿನ ಸರಕು. ಈ ಸರಕಿನ ಮಿತಿಗೇ ಎಂಟಿಯು ಅನ್ನುತ್ತಾರೆ.

ಕೆಳಗಿನ ಗೆರೆಗೆ ಭೌತಶಾಸ್ತ್ರದ ಕಾರಣ ಇದೆ. ತಂತಿಯ ಒಂದು ತುದಿಯಲ್ಲಿ ಮಾತಾಡಿದವನಿಗೆ ಇನ್ನೊಂದು ತುದಿಯ ಡಿಕ್ಕಿ ಗೊತ್ತಾಗಬೇಕಾದರೆ ಆತ 51.2 ಮೈಕ್ರೋಸೆಕೆಂಡಾದರೂ ಮಾತಾಡುತ್ತಿರಬೇಕು. 10 ಮೆಗಾಬಿಟ್ಟಿನಲ್ಲಿ ಅದು ಸರಿಯಾಗಿ 512 ಬಿಟ್, ಅಂದರೆ 64 ಬೈಟು. ಮೇಲಿನ ಗೆರೆಗೆ ಇಂಥ ಪ್ರಕೃತಿ ನಿಯಮ ಇಲ್ಲ, ಅದು ಸಂಸಾರದ ಲೆಕ್ಕಾಚಾರ. ತಂತಿ ಎಲ್ಲರದು. ಒಬ್ಬನೇ ಉದ್ದಕ್ಕೆ ಮಾತಾಡಿದರೆ ಉಳಿದವರು ಕಾಯಬೇಕು. 1518 ಬೈಟು ಹೋಗಲು ಸುಮಾರು 1.2 ಮಿಲಿಸೆಕೆಂಡು ಹಿಡಿಯುತ್ತದೆ, ಅಷ್ಟು ಕಾಯಬಹುದು. ಜೊತೆಗೆ ಬಂದ ಫ್ರೇಮನ್ನು ಇಟ್ಟುಕೊಳ್ಳಲು ಪ್ರತಿ ಕಾರ್ಡಿನಲ್ಲೂ ಮೆಮೊರಿ ಬೇಕು, ಆಗ ಮೆಮೊರಿ ಬಲು ದುಬಾರಿ. ಜಗಳವಿಲ್ಲದೆ ಎಲ್ಲರಿಗೂ ಹೊಂದುವ ಒಂದು ಅಳತೆ ಹಾಕಿದರು.

ಆದರೆ ಈ ಸಂಖ್ಯೆ ಗಟ್ಟಿಯಾಗಿ ಬೇರುಬಿಟ್ಟದ್ದು ಇನ್ನೊಂದು ಕಾರಣದಿಂದ. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಹದಿನಾಲ್ಕು ಬೈಟಿನ ತಲೆಬರಹದಲ್ಲಿ ಕೊನೆಯ ಎರಡು ಬೈಟು ಇವೆಯಲ್ಲ, ಮೂರು ಕಂಪನಿಗಳ ಪುಸ್ತಕದ ಪ್ರಕಾರ ಅಲ್ಲಿ ಸರಕಿನ ಬಗೆ ಬರೆಯಬೇಕು. 1983ರಲ್ಲಿ ಐಇಇಇ ಸಂಸ್ಥೆ ಇದನ್ನೇ 802.3 ಅನ್ನೋ ಹೆಸರಿನಲ್ಲಿ ಒಪ್ಪಿಕೊಂಡಾಗ ಅದೇ ಎರಡು ಬೈಟಿನಲ್ಲಿ ಸರಕಿನ ಉದ್ದ ಬರೆಯಬೇಕು ಅಂತ ಮಾಡಿತು. ಒಂದೇ ಜಾಗ, ಎರಡು ಅರ್ಥ! ಎರಡೂ ಬಗೆಯ ಫ್ರೇಮು ಒಂದೇ ತಂತಿಯಲ್ಲಿ ಓಡಾಡತೊಡಗಿದವು. ಹೇಗೆ ಗುರುತಿಸುವುದು? ಅಲ್ಲಿರುವ ಸಂಖ್ಯೆ 1500 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಉದ್ದ, 1536 ಅಥವಾ ಹೆಚ್ಚಿದ್ದರೆ ಅದು ಬಗೆ. ಇಂಟರ್ನೆಟ್ಟಿನ ಐಪಿ ಪ್ಯಾಕೆಟ್ಟಿನ ಬಗೆಯ ಸಂಖ್ಯೆ 2048. ಈ ರಾಜಿ 1997ರಲ್ಲಿ ಅಧಿಕೃತವಾಗಿ ಐಇಇಇ ಪುಸ್ತಕದೊಳಗೇ ಸೇರಿತು. ಮೆಮೊರಿ ಉಳಿಸಲು ಹಾಕಿದ ಮಿತಿ ಭಾಷೆಯ ವ್ಯಾಕರಣವೇ ಆಗಿಹೋಯಿತು. ಇನ್ನು ಅದನ್ನು ಏರಿಸಹೊರಟರೆ 2000 ಅಂತ ಬರೆದದ್ದು ಉದ್ದವೋ ಬಗೆಯೋ ಅಂತ ಹಳೆಯ ಯಂತ್ರ ತಬ್ಬಿಬ್ಬಾಗುತ್ತದೆ.

ಎಲ್ಲರೂ 1500ಕ್ಕೆ ಒಪ್ಪಿದ್ದರೆ ರಗಳೆಯೇ ಇರಲಿಲ್ಲ. ಆದರೆ ಎಫ್‌ಡಿಡಿಐ ಜಾಲಕ್ಕೆ 4352, ಐಬಿಎಂ ಟೋಕನ್ ರಿಂಗಿಗೆ 4464, ಹೀಗೆ ಒಬ್ಬೊಬ್ಬರದು ಒಂದೊಂದು ಗೇಜು. ಎಟಿಎಂ ಅಂತ ಟೆಲಿಫೋನಿನವರು ತಂದ ಜಾಲದಲ್ಲಿ ಸರಕು ಬರೀ 48 ಬೈಟು. ಅಮೆರಿಕದವರು 64 ಬೇಕು ಅಂದರು, ಯುರೋಪಿನವರು 32 ಸಾಕು ಅಂದರು, ಕೂಡಿಸಿ ಎರಡರಿಂದ ಭಾಗಿಸಿದರು. ತಮಾಷೆಯಲ್ಲ, ನಿಜವಾಗಿಯೂ ನಡೆದದ್ದೇ.

ಗೇಜು ಬದಲಾಗುವ ಕಡೆ ಏನು ಮಾಡಬೇಕು ಅಂತ 1981ರಲ್ಲಿ ಐಪಿಯ ನಿಯಮ ಬರೆದವರು ಯೋಚಿಸಿದ್ದರು. ಆ ಜಂಕ್ಷನ್ನಿನಲ್ಲಿ ಕೂತ ರೌಟರು ಮನಮಾಡದ ಹಮಾಲನ ಹಾಗೆ ಪ್ಯಾಕೆಟ್ಟನ್ನು ಒಡೆದು ಸಣ್ಣ ವ್ಯಾಗನ್ನುಗಳಿಗೆ ತುಂಬಬಹುದು. ಒಂದು ತುಂಡು ಕಳೆದರೆ ಇಡೀ ಸರಕು ಮತ್ತೆ ಕಳಿಸಬೇಕು, ರೌಟರಿಗೆ ವಿಪರೀತ ಕೆಲಸ. 1987ರಲ್ಲಿ ಕೆಂಟ್ ಮತ್ತು ಮೊಗಲ್ ಅನ್ನೋ ಇಬ್ಬರು ಒಡೆಯುವುದೇ ಹಾನಿ ಅಂತ ಪ್ರಬಂಧ ಬರೆದರು. 1990ರಲ್ಲಿ ಹೊಸ ಪದ್ಧತಿ ಬಂತು. ಕಳಿಸುವವನೇ ಪ್ಯಾಕೆಟ್ಟಿನ ಮೇಲೆ ಒಡೆಯಬೇಡಿ ಅಂತ ಚೀಟಿ ಅಂಟಿಸುತ್ತಾನೆ. ಮುಂದೆ ಹಿಡಿಸದಿದ್ದರೆ ರೌಟರು ಅದನ್ನು ಬಿಸಾಡಿ, ಇಷ್ಟೇ ಅಳತೆ ಹಿಡಿಸುತ್ತದೆ ಅಂತ ಕಳಿಸಿದವನಿಗೆ ಒಂದು ಕಾರ್ಡು ಬರೆಯುತ್ತದೆ. ಚೆನ್ನಾಗಿದೆ. ಆದರೆ ಸುರಕ್ಷತೆ ಅಂತ ಫೈರ್‌ವಾಲಿನವರು ಆ ಕಾರ್ಡುಗಳನ್ನೂ ತಡೆದು ಬಿಸಾಡತೊಡಗಿದರು. ಸ್ಟೇಷನ್ ಮಾಸ್ತರ ಬರೆದ ಕಾಗದವನ್ನು ಗೇಟಿನ ವಾಚ್‌ಮನ್ ಹರಿದುಹಾಕಿದ ಹಾಗೆ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಬ್ರಾಡ್‌ಬ್ಯಾಂಡ್ ಬಂತಲ್ಲ, ಅಂಥ ಡಿಎಸ್‌ಎಲ್ ಸಂಪರ್ಕಗಳು ಬಂದ ಹೊಸತರಲ್ಲಿ ಜಗತ್ತಿನ ಎಲ್ಲ ಕಡೆಯೂ ಒಂದೇ ದೂರು ಕೇಳುತ್ತಿತ್ತು. ಒಂದು ತಾಣ ತೆರೆಯುತ್ತದೆ, ಇನ್ನೊಂದು ತಾಣ ಅರ್ಧಕ್ಕೇ ನಿಲ್ಲುತ್ತದೆ. ಮನೆ ಮೋಡೆಮ್ಮಿನಲ್ಲಿ ಪಿಪಿಪಿಓಇ ಅಂತ ಇರುತ್ತಿತ್ತು. 1999ರಲ್ಲಿ ಬಂದ ಆ ಪದ್ಧತಿ ಪ್ರತಿ ಫ್ರೇಮಿನ ಸರಕಿನಲ್ಲಿ 8 ಬೈಟು ತನಗೇ ತೆಗೆದುಕೊಳ್ಳುತ್ತದೆ. ನಮಗೆ ಉಳಿಯುವುದು 1492. ಆ ಕಡೆಯ ಸರ್ವರು 1500 ಕಳಿಸಿ, ಕಾರ್ಡು ವಾಪಸು ಹೋಗದಿದ್ದರೆ ಪುಟ ಬರುವುದಿಲ್ಲ. ಬಹಳ ಜನ ಕಂಪ್ಯೂಟರಿಗೆ ವೈರಸ್ ಬಂತು ಅಂತ ಫಾರ್ಮ್ಯಾಟ್ ಹೊಡೆಸಿದರು. ಎಂಟು ಬೈಟಿಗೆ!

ಇಷ್ಟಾದರೂ ರೌಟರು ಕಾರ್ಡನ್ನಾದರೂ ಬರೆಯುತ್ತದೆ. ಸ್ವಿಚ್ಚು ಅದನ್ನೂ ಬರೆಯುವುದಿಲ್ಲ. ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಅದರ ಬಗ್ಗೆ.

ಸ್ವಿಚ್ಚಿನ ಹುಟ್ಟು ನಮಗೆ ಸ್ವಲ್ಪ ಹತ್ತಿರದ್ದು. ಸಿಲಿಕಾನ್ ಕಣಿವೆಯಲ್ಲಿ ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅನ್ನುವವರು ಲ್ಯಾರಿ ಬ್ಲೇರ್ ಜೊತೆ ಸೇರಿ ಕಂಪನಿ ಕಟ್ಟಿ, ತಮ್ಮ ಹೆಂಡತಿಯ ಹೆಸರಿಟ್ಟರು: ಕಲ್ಪನಾ. ನಮಗೆ ಕಲ್ಪನಾ ಅಂದರೆ ಮಿನುಗುತಾರೆ, ನೆಟ್‌ವರ್ಕಿನವರಿಗೆ ಕಲ್ಪನಾ ಅಂದರೆ 1990ರ ಏಳು ಪೋರ್ಟಿನ ಈಥರ್‌ಸ್ವಿಚ್. ಅಲ್ಲಿಯವರೆಗೆ ಎಲ್ಲರೂ ಒಂದೇ ತಂತಿಗೆ ಜೋತುಬಿದ್ದಿದ್ದರು, ಇದರಲ್ಲಿ ಪ್ರತಿಯೊಬ್ಬನಿಗೂ ತನ್ನದೇ ತಂತಿ. ಫ್ರೇಮು ಬಂದ ಕೂಡಲೇ ವಿಳಾಸ ಓದಿ ಸರಿಯಾದ ಬಾಗಿಲಿಗೆ ಮಾತ್ರ ಕಳಿಸುವುದು. 1994ರಲ್ಲಿ ಸಿಸ್ಕೋ ಆ ಕಂಪನಿಯನ್ನು ಕೊಂಡಿತು.

ಸ್ವಿಚ್ಚು ಬಂದ ಮೇಲೆ ಹಂಚಿಕೊಳ್ಳುವ ತಂತಿಯೇ ಇಲ್ಲವಾಯಿತು. ಅಂದರೆ 1500ರ ಮೊದಲ ಕಾರಣ ಸತ್ತುಹೋಯಿತು. ಮೆಮೊರಿ ಅಗ್ಗವಾಯಿತು, ಎರಡನೆಯ ಕಾರಣವೂ ಹೋಯಿತು. ಗೆರೆ ಮಾತ್ರ ಸ್ವಿಚ್ಚಿನ ಚಿಪ್ಪಿನೊಳಗೆ ಹೊಸದಾಗಿ ಹುಟ್ಟಿಕೊಂಡಿತು. ಹೆಚ್ಚಿನ ಸ್ವಿಚ್ಚುಗಳು ಇಡೀ ಫ್ರೇಮನ್ನು ಒಳಗೆ ಇಟ್ಟುಕೊಂಡು, ತಾಳೆ ನೋಡಿ, ಆಮೇಲೆ ಕಳಿಸುತ್ತವೆ. ಎಷ್ಟು ದೊಡ್ಡದನ್ನು ಇಟ್ಟುಕೊಳ್ಳಬೇಕು ಅಂತ ಚಿಪ್ಪಿನ ಒಂದು ರಿಜಿಸ್ಟರಿನಲ್ಲಿ ಬರೆದಿರುತ್ತದೆ. ಅದಕ್ಕಿಂತ ಒಂದು ಬೈಟು ಹೆಚ್ಚು ಬಂದರೂ ಸ್ವಿಚ್ಚು ಒಡೆಯುವುದಿಲ್ಲ, ಕಾರ್ಡು ಬರೆಯುವುದಿಲ್ಲ. ಕಸಕ್ಕೆ ಹಾಕಿ, ಒಳಗಿನ ಒಂದು ಎಣಿಕೆಯನ್ನು ಒಂದರಿಂದ ಏರಿಸಿ ಸುಮ್ಮನಾಗುತ್ತದೆ. ಆ ಎಣಿಕೆಗೆ ಜೈಂಟ್ಸ್ ಅಂತ ಹೆಸರು, ದೈತ್ಯರು ಅಂತ.

ಗೆರೆ ದಾಟುವ ದೈತ್ಯರು ಎಲ್ಲಿಂದ ಬಂದರು? ಎಲ್ಲರೂ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದರು. 1998ರಲ್ಲಿ ವಿಲ್ಯಾನ್ ಪಟ್ಟಿ ಬಂತು, ಒಂದೇ ಸ್ವಿಚ್ಚಿನಲ್ಲಿ ಅಕೌಂಟ್ಸಿನವರ ಜಾಲ ಬೇರೆ, ಗೋದಾಮಿನವರ ಜಾಲ ಬೇರೆ ಅಂತ ಗುರುತಿಸಲು. ಅದು 4 ಬೈಟು. ಅದೇ ವರ್ಷ ಐಇಇಇ ಮಿತಿಯನ್ನು 1518ರಿಂದ 1522ಕ್ಕೆ ಏರಿಸಿತು. ಆಮೇಲೆ ಸೇವೆ ಕೊಡುವ ಕಂಪನಿಗಳು ಗಿರಾಕಿಯ ಪಟ್ಟಿಯ ಮೇಲೆ ತಮ್ಮದೊಂದು ಪಟ್ಟಿ ಕಟ್ಟತೊಡಗಿದವು, 2005ರಲ್ಲಿ ಅದಕ್ಕೂ ನಿಯಮ ಬಂತು, ಒಟ್ಟು 1526. ಎಂಪಿಎಲ್‌ಎಸ್ ಅಂದರೆ ಲೇಬಲ್ಲಿಗೆ ನಾಲ್ಕರಂತೆ ಮತ್ತೆ ಸೇರಿಸಿ. ಕೊನೆಗೆ 2006ರಲ್ಲಿ ಐಇಇಇಯವರು, ಹೊರಗಿನ ಲಕೋಟೆ 2000 ಬೈಟಿನ ತನಕ ಹೋಗಲಿ, ಒಳಗಿನ ಸರಕು ಮಾತ್ರ 1500ನ್ನು ಮೀರಬಾರದು ಅಂದರು. ಕಾಗದದಲ್ಲಿ ಸಮಸ್ಯೆ ಮುಗಿಯಿತು. ಆದರೆ ಅದಕ್ಕೂ ಮುಂಚೆ ಮಾಡಿದ ಲಕ್ಷಾಂತರ ಸ್ವಿಚ್ಚುಗಳು ಟವರಿನ ಬುಡದ ಕೋಣೆಗಳಲ್ಲಿ, ಮೆಟ್ಟಿಲಡಿಯ ಗೂಡುಗಳಲ್ಲಿ ಧೂಳು ತಿನ್ನುತ್ತಾ ಕೆಲಸ ಮಾಡುತ್ತಲೇ ಇದ್ದವು.

ಅಂಥದ್ದೊಂದು ವೈಜಾಪುರದಲ್ಲಿತ್ತು. 2009ರ ಮಳೆಗಾಲ. ನಾನು ಆಗ ಜಾಲ ನೋಡಿಕೊಳ್ಳುತ್ತಿದ್ದ ಕಡೆ ಗೋದಾಮು ನಾಸಿಕದಲ್ಲಿ, ಹೆಡ್ ಆಫೀಸು ಇಲ್ಲಿ. ಗುತ್ತಿಗೆ ಕೆಲಸಗಾರರು ಸುಮಾರು ಇನ್ನೂರು ಮಂದಿ, ಅವರ ಹಾಜರಿ ಫೈಲು ವಾರಕ್ಕೊಮ್ಮೆ ನಾಸಿಕದಿಂದ ಇಲ್ಲಿಗೆ ಬರಬೇಕು, ಇಲ್ಲಿ ಲೆಕ್ಕ ಹಾಕಿ ಪಗಾರ ಬಿಡುಗಡೆಯಾಗಬೇಕು. ಬಾಡಿಗೆ ಲೈನು, ನಡುವೆ ವೈಜಾಪುರದ ಟವರಿನಲ್ಲಿ ಲೈನಿನವರ ಒಂದು ಸ್ವಿಚ್ಚು. ಸಿಡಿಲು ಬಡಿದು ಹಳೆಯದು ಸುಟ್ಟಿತ್ತು, ಅವರು ಹೊಸದನ್ನು ಕೂರಿಸಿ ಹೋಗಿದ್ದರು. ಮಾರನೆಯ ದಿನದಿಂದ ಹಾಜರಿ ಫೈಲು ಬರಲೊಲ್ಲದು. ಲಾಗಿನ್ ಆಗುತ್ತದೆ, ಹೆಸರು ಕಾಣುತ್ತದೆ, ಕಾಪಿ ಅಂದ ಕೂಡಲೇ ನಿಂತುಬಿಡುತ್ತದೆ.

ಲೈನಿನ ಹುಡುಗ ಫೋನಿನಲ್ಲಿ ಪದೇ ಪದೇ ಒಂದೇ ಮಾತು. "ಪಿಂಗ್ ಹೋಗ್ತಿದೆ ಸರ್, ಲೈನ್ ಸರಿ ಇದೆ."

"ಎಷ್ಟು ದೊಡ್ಡ ಪಿಂಗು ಕಳಿಸಿದೆಯಪ್ಪಾ?"

"ಪಿಂಗ್ ಅಂದ್ರೆ ಪಿಂಗ್ ಸರ್!"

ಅವನದು ತಪ್ಪಲ್ಲ. ವಿಂಡೋಸಿನಲ್ಲಿ ಸುಮ್ಮನೆ ಪಿಂಗ್ ಅಂದರೆ ಹೋಗುವ ಸರಕು 32 ಬೈಟು. ಸೈಕಲ್ ಹೋಗುತ್ತದೆ ಅಂತ ಸೇತುವೆಯ ಮೇಲೆ ಲಾರಿ ಬಿಟ್ಟ ಹಾಗೆ. ಒಡೆಯಬೇಡ ಅಂತ ಚೀಟಿ ಹಚ್ಚಿ, ಅಳತೆ ಏರಿಸುತ್ತಾ ಕಳಿಸಿದೆ. 1468ಕ್ಕೆ ಉತ್ತರ ಬಂತು. 1469ಕ್ಕೆ ಇಲ್ಲ. ಇನ್ನು ಲೆಕ್ಕ ಹಾಕಿ: 1468ಕ್ಕೆ ಪಿಂಗಿನ 8, ಐಪಿಯ 20 ಸೇರಿದರೆ 1496. ಅದಕ್ಕೆ ತಲೆಬರಹ 14, ತಾಳೆಯ 4, ನಮ್ಮ ವಿಲ್ಯಾನ್ ಪಟ್ಟಿ 4, ಅವರ ಪಟ್ಟಿ 4. ಒಟ್ಟು 1522. ಹೊಸ ಸ್ವಿಚ್ಚು ಅಂಗಡಿಯಿಂದ ಬಂದಾಗ ಅದರಲ್ಲಿದ್ದ ಮಿತಿಯೇ ಅದು. ಹಳೆಯದರಲ್ಲಿ ಯಾರೋ ಏರಿಸಿಟ್ಟಿದ್ದರು, ಹೊಸದರಲ್ಲಿ ಏರಿಸಬೇಕು ಅಂತ ಯಾರಿಗೂ ನೆನಪಿಲ್ಲ. ಲಾಗಿನ್, ಹೆಸರು, ಪಿಂಗು ಎಲ್ಲ ಸಣ್ಣ ಫ್ರೇಮು, ಹೋಗುತ್ತಿದ್ದವು. ಫೈಲು ಬಂದಾಗ ತುಂಬಿದ ಫ್ರೇಮು, ಅವೆಲ್ಲ ವೈಜಾಪುರದಲ್ಲಿ ಕಸಕ್ಕೆ.

ಇಷ್ಟು ಹೇಳಿ ಒಪ್ಪಿಸಲು ಮೂರು ದಿನ ಹಿಡಿಯಿತು. ಅವರ ದೊಡ್ಡ ಇಂಜಿನಿಯರು ಕೊನೆಗೆ ಟವರಿನ ಸ್ವಿಚ್ಚಿನಲ್ಲಿ ಜೈಂಟ್ಸ್ ಎಣಿಕೆ ನೋಡಿದರು, ಅದು ಲಕ್ಷ ದಾಟಿತ್ತು. ಮಿತಿ ಏರಿಸಿ ಸ್ವಿಚ್ಚು ಮತ್ತೆ ಶುರು ಮಾಡಿದ ಮೇಲೆ ಫೈಲು ಬಂದದ್ದು ಎರಡು ನಿಮಿಷದಲ್ಲಿ. ಆದರೆ ಅಂದು ಪೋಳಾ ಹಬ್ಬದ ಸಂಜೆ. ನಮ್ಮ ಕಡೆ ಕಾರಹುಣ್ಣಿಮೆ ಇದ್ದ ಹಾಗೆ ಇಲ್ಲಿ ಎತ್ತುಗಳ ಹಬ್ಬ. ಕೆಲಸಗಾರರಲ್ಲಿ ಬಹಳ ಜನ ಹಳ್ಳಿಯವರು, ಕೊಂಬಿಗೆ ಬಣ್ಣ, ಗೊಂಡೆ, ಹೊಸ ಹಗ್ಗ ಕೊಳ್ಳಲು ಪಗಾರ ಕಾಯುತ್ತಿದ್ದವರು. ಪಗಾರ ಬಂದದ್ದು ಹಬ್ಬದ ಮಾರನೆಯ ದಿನ. ಗೋದಾಮಿನ ಮುಕಾದಮರು ನನಗೆ ಫೋನು ಮಾಡಿ, ಎತ್ತು ಕೇಳುತ್ತಾವ ಸಾಹೇಬರೇ, ಅವಕ್ಕೆ ಏನು ಹೇಳೋಣ ಅಂದರು. ನಾಲ್ಕು ಬೈಟು ಅಂತ ಅವರಿಗೆ ಹೇಗೆ ಹೇಳುವುದು?

ಈ ಮಿತಿ ಬರೆಯುವುದು ಯಾರು? ಸ್ವಿಚ್ಚಿನ ಡ್ರೈವರು, ಅಂದರೆ ಚಿಪ್ಪಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ನಿಂತ ಸಣ್ಣ ಪ್ರೋಗ್ರಾಮು. ಇಂಥವುಗಳಲ್ಲಿ ಎಷ್ಟೋ ಬೆಂಗಳೂರಿನ ಆಫೀಸುಗಳಲ್ಲಿ ಬರೆದಂಥವು. ಬಳಸುವವನು 1500 ಅನ್ನುತ್ತಾನೆ, ಚಿಪ್ಪಿಗೆ ಬೇಕಾದ್ದು ಇಡೀ ಫ್ರೇಮಿನ ಉದ್ದ. ನಡುವಿನ 14, 4, 4 ಕೂಡಿಸುವುದು ಡ್ರೈವರಿನ ಕೆಲಸ. ಇಲ್ಲೇ ಒಬ್ಬೊಬ್ಬರದು ಒಂದೊಂದು ಲೆಕ್ಕ. ಸಿಸ್ಕೋದ ಸಾಮಾನ್ಯ ಸ್ವಿಚ್ಚಿನಲ್ಲಿ ಎಂಟಿಯು 1500 ಅಂದರೆ ತಲೆಬರಹ ಬಿಟ್ಟು. ಜುನಿಪರಿನಲ್ಲಿ ಅದೇ ಮಾತಿಗೆ 1514 ಅನ್ನಬೇಕು, ತಲೆಬರಹ ಸೇರಿಸಿ. ಎರಡೂ ಕಡೆ ಒಂದೇ ಸಂಖ್ಯೆ ಹಾಕಿದ ಪುಣ್ಯಾತ್ಮರು ಎಲ್ಲ ಸರಿಯಿದೆ ಅಂತ ಮನೆಗೆ ಹೋಗಿರುತ್ತಾರೆ. ಸಿಸ್ಕೋದ 3750ಯಂಥ ಹಳೆಯ ಸ್ವಿಚ್ಚುಗಳಲ್ಲಿ ಇದು ಒಂದೊಂದು ಪೋರ್ಟಿಗಲ್ಲ, ಇಡೀ ಸ್ವಿಚ್ಚಿಗೆ ಹಾಕಬೇಕು, ಹಾಕಿ ಸ್ವಿಚ್ಚನ್ನು ಆರಿಸಿ ಹಚ್ಚಬೇಕು. ನಡು ಮಧ್ಯಾಹ್ನ ಯಾರು ಆರಿಸಲು ಬಿಡುತ್ತಾರೆ?

ಲಿನಕ್ಸಿನ ಕಥೆ ಇನ್ನೂ ಸ್ವಾರಸ್ಯ. ಮನೆಯ ವೈಫೈ ಡಬ್ಬಿಯ ಹಿಂದೆ ನಾಲ್ಕು ಪೋರ್ಟು ಇರುತ್ತವಲ್ಲ, ಒಳಗಿರುವುದು ಒಂದು ಸ್ವಿಚ್ ಚಿಪ್ಪು. ಅಂಥ ಚಿಪ್ಪಿನ ಪ್ರತಿ ಪೋರ್ಟನ್ನೂ ಬೇರೆ ಬೇರೆ ಕಾರ್ಡಿನ ಹಾಗೆ ತೋರಿಸುವ ಡಿಎಸ್‌ಎ ಅನ್ನೋ ವ್ಯವಸ್ಥೆ 2008ರ ಡಿಸೆಂಬರಿನ 2.6.28ರಲ್ಲಿ ಬಂತು. ಯಾವ ಪೋರ್ಟಿನಿಂದ ಬಂತು ಅಂತ ಪ್ರೊಸೆಸರಿಗೆ ತಿಳಿಸಲು ಚಿಪ್ಪು ಪ್ರತಿ ಫ್ರೇಮಿಗೂ ಒಂದು ಗುಟ್ಟಿನ ಪಟ್ಟಿ ಕಟ್ಟುತ್ತದೆ. ಮಾರ್ವೆಲ್ ಚಿಪ್ಪಿನಲ್ಲಿ ಅದು 4 ಅಥವಾ 8 ಬೈಟು. ಅಂದರೆ ಹೊರಗಿನ ತಂತಿಯಲ್ಲಿ 1500 ಸರಿಯಿದ್ದರೂ ಒಳಗಿನ ಆ ಗೇಣುದ್ದದ ದಾರಿಯಲ್ಲಿ ಗೆರೆ ದಾಟುತ್ತದೆ. ಪೋರ್ಟಿನ ಎಂಟಿಯು ಬದಲಿಸಿದರೆ ಅದನ್ನು ಚಿಪ್ಪಿನ ತನಕ ಮುಟ್ಟಿಸುವ ಸರಿಯಾದ ದಾರಿ ಡಿಎಸ್‌ಎಯಲ್ಲಿ ಬಂದದ್ದು 2020ರ 5.7ರಲ್ಲಿ. ಹನ್ನೆರಡು ವರ್ಷ ಬೇಕಾಯಿತು ನೋಡಿ. ಆಗಿನಿಂದ ಪ್ರತಿ ಡ್ರೈವರೂ ಎರಡು ಪ್ರಶ್ನೆಗೆ ಉತ್ತರ ಕೊಡಬಹುದು: ಈ ಪೋರ್ಟಿನಲ್ಲಿ ಹೆಚ್ಚೆಂದರೆ ಎಷ್ಟು ಹಿಡಿಸುತ್ತದೆ, ಮತ್ತು ಈಗ ಇಷ್ಟಕ್ಕೆ ಇಡು ಅಂದರೆ ಇಡುತ್ತೀಯಾ. ಪ್ರೊಸೆಸರ್ ಕಡೆಯ ಪೋರ್ಟಿಗೆ ಎಲ್ಲ ಪೋರ್ಟುಗಳಲ್ಲಿ ದೊಡ್ಡ ಅಳತೆ ಯಾವುದೋ ಅದನ್ನು ಇಟ್ಟು, ಗುಟ್ಟಿನ ಪಟ್ಟಿಯ ಜಾಗವನ್ನೂ ಕೂಡಿಸುತ್ತಾರೆ.

ಉತ್ತರ ಕೊಡುವುದು ಸುಲಭ ಅಂದುಕೊಳ್ಳಬೇಡಿ. ಮಾರ್ವೆಲ್ಲಿನ ಕೆಲವು ಚಿಪ್ಪುಗಳಲ್ಲಿ ಪೋರ್ಟಿಗೆ ಮೂರೇ ಆಯ್ಕೆ: 1522, 2048, 10240. ರಿಯಲ್‌ಟೆಕ್ಕಿನ ಒಂದು ಚಿಪ್ಪಿನಲ್ಲಿ ಇಡೀ ಸ್ವಿಚ್ಚಿಗೆ ನಾಲ್ಕು ಆಯ್ಕೆ, 1522, 1536, 1552, ಆಮೇಲೆ ನೇರ 16000. ರೆಡಿಮೇಡ್ ಅಂಗಡಿಯ ಹಾಗೆ, 38 ಇಲ್ಲ, 40 ಹಾಕ್ಕೊಳ್ಳಿ. ಹಾಗಾಗಿ ಒಂದು ಪೋರ್ಟಿಗೆ ದೊಡ್ಡದು ಬೇಕೆಂದರೆ ಉಳಿದವಕ್ಕೂ ದೊಡ್ಡದೇ. ಕ್ವಾಲ್ಕಾಮಿನ ಒಂದು ಸ್ವಿಚ್ ಚಿಪ್ಪಿನಲ್ಲಂತೂ ಪ್ರೊಸೆಸರ್ ಕಡೆಯ ಪೋರ್ಟು ನಡೆಯುತ್ತಿರುವಾಗ ಈ ಮಿತಿ ಬದಲಿಸಿದರೆ ಸ್ವಿಚ್ಚೇ ಕಂಗಾಲಾಗಿ ಬೀಳುತ್ತದೆ. ಅದಕ್ಕೇ ಡ್ರೈವರು ಮೊದಲು ಆ ಪೋರ್ಟನ್ನು ಮುಚ್ಚಿ, ಸಂಖ್ಯೆ ಬರೆದು, ಮತ್ತೆ ತೆರೆಯುತ್ತದೆ.

ಗೆರೆಯನ್ನೇ ಅಳಿಸಿಬಿಡೋಣ ಅಂತ ಹೊರಟವರೂ ಇದ್ದರು. 1998ರಲ್ಲಿ ಗಿಗಾಬಿಟ್ ಈಥರ್ನೆಟ್ ಬಂದಾಗ ಆಲ್ಟಿಯಾನ್ ಅನ್ನೋ ಕಂಪನಿ 9000 ಬೈಟಿನ ಜಂಬೋ ಫ್ರೇಮು ತಂದಿತು. 9000 ಯಾಕೆಂದರೆ ಫೈಲ್ ಸರ್ವರುಗಳ 8192 ಬೈಟಿನ ಒಂದು ತುಂಡು ತಲೆಬರಹಗಳ ಸಮೇತ ಹಿಡಿಸಬೇಕಿತ್ತು. ಕೊನೆಯ ನಾಲ್ಕು ಬೈಟಿನ ತಾಳೆಯ ಗಣಿತವೂ ಸುಮಾರು 11,000 ಬೈಟಿನ ತನಕ 1500ಕ್ಕೆ ಕೊಡುವ ಭರವಸೆಯನ್ನೇ ಕೊಡುತ್ತದೆ, ಮೂರು ಬಿಟ್ಟಿನವರೆಗಿನ ತಪ್ಪು ತಪ್ಪಿಸಿಕೊಳ್ಳದು. ಗಿಗಾಬಿಟ್ ತಂತಿಯಲ್ಲಿ 1500ರ ತುಂಡುಗಳಾದರೆ ಸೆಕೆಂಡಿಗೆ 81,274 ಫ್ರೇಮು, 9000ದ ತುಂಡುಗಳಾದರೆ 13,830. ಪ್ರತಿ ಫ್ರೇಮಿಗೂ ಎದ್ದು ಬಾಗಿಲು ತೆಗೆಯಬೇಕಿದ್ದ ಆಗಿನ ಪ್ರೊಸೆಸರಿಗೆ ಇದು ದೊಡ್ಡ ಉಪಕಾರ.

ಐಇಇಇ ಮಾತ್ರ ಜಂಬೋಗೆ ಇವತ್ತಿನವರೆಗೂ ಮುದ್ರೆ ಒತ್ತಿಲ್ಲ. ಅವರು ಹೆದರಿದ್ದು ಸುಳ್ಳಲ್ಲ. ಹಳೆಯ ಸ್ವಿಚ್ಚಿಗೆ ದೊಡ್ಡ ಫ್ರೇಮು ಬಂದರೆ ಕಸಕ್ಕೆ, ಮೇಲೆ ಹೇಳಿದ ವೈಜಾಪುರದ ಕಥೆಯೇ ಎಲ್ಲ ಕಡೆ. ಅಷ್ಟರಲ್ಲಿ ಕಾರ್ಡು ಮಾಡುವವರು ಇನ್ನೊಂದು ಉಪಾಯ ಕಂಡುಕೊಂಡರು. ಪ್ರೊಸೆಸರು 64 ಸಾವಿರ ಬೈಟಿನ ದೊಡ್ಡ ಗಂಟನ್ನೇ ಕೊಡಲಿ, ಕಾರ್ಡು ಅದನ್ನು 1500ರ ತುಂಡು ಮಾಡಿ ಕಳಿಸಲಿ; ಬರುವಾಗ ಮತ್ತೆ ಗಂಟು ಕಟ್ಟಿಕೊಡಲಿ. ಮನಮಾಡದ ಹಮಾಲರನ್ನು ಊರ ಗೋದಾಮಿಗೇ ಕರೆಸಿಕೊಂಡ ಹಾಗೆ. ಇದು ಬಂದ ಮೇಲೆ ಜಂಬೋ ಬೇಕು ಅನ್ನುವ ಕೂಗು ಅರ್ಧ ತಣ್ಣಗಾಯಿತು. ನನ್ನ ಕೇಳಿದರೆ 1500 ಇನ್ನೂ ಬದುಕಿರಲು ಈ ಜಾಣತನವೂ ಒಂದು ಕಾರಣ, ಗೆರೆಯ ಕಷ್ಟ ಗೊತ್ತಾಗದ ಹಾಗೆ ಮಾಡಿಬಿಟ್ಟಿತು.

ಅಳತೆ ಹೇಳಿಕೊಳ್ಳುವ ಪದ್ಧತಿ ಇಲ್ಲವೇ ಇಲ್ಲ ಅಂತಲೂ ಅಲ್ಲ. ಎಲ್‌ಎಲ್‌ಡಿಪಿ ಅನ್ನೋ ಪದ್ಧತಿಯಲ್ಲಿ ಪಕ್ಕದ ಯಂತ್ರಕ್ಕೆ ನನ್ನ ಗರಿಷ್ಠ ಫ್ರೇಮು ಇಷ್ಟು ಅಂತ ಹೇಳಲು ಒಂದು ಜಾಗ ಇದೆ. ಆದರೆ ಹೇಳಿದ ಮಾತ್ರಕ್ಕೆ ಆ ಕಡೆಯವನು ತನ್ನದನ್ನು ಬದಲಿಸುವುದಿಲ್ಲ, ಜಾಲ ನೋಡುವ ಮನುಷ್ಯ ಓದಿಕೊಂಡರೆ ಉಂಟು. ಅದಕ್ಕೇ ಈಗಿನ ರೂಢಿ ಹೀಗಿದೆ: ಒಬ್ಬನೇ ಮಾಲೀಕನ ಡೇಟಾ ಸೆಂಟರಿನೊಳಗೆ 9000, ಸ್ವಿಚ್ಚುಗಳಲ್ಲಿ ಅದಕ್ಕೂ ಮೇಲೆ 9216, ಬಾಗಿಲು ದಾಟಿ ಊರಿಗೆ ಬಂದರೆ 1500. 2014ರಲ್ಲಿ ನಿಯಮವಾದ ವಿಎಕ್ಸ್‌ಲ್ಯಾನ್ 50 ಬೈಟು ಸೇರಿಸುತ್ತದೆ, ಒಳಗೆ ದೊಡ್ಡ ಅಳತೆ ಇಟ್ಟವರಿಗೆ ಅದು ಲೆಕ್ಕಕ್ಕಿಲ್ಲ, ಇಡದವರಿಗೆ ಮತ್ತೆ ಅದೇ ಹಾಡು. ವೈರ್‌ಗಾರ್ಡ್ ವಿಪಿಎನ್ನಿನವರು ಜಗಳವೇ ಬೇಡ ಅಂತ ತಾವೇ 1420ಕ್ಕೆ ಇಳಿದು ಕೂತಿದ್ದಾರೆ.

ನಿಮ್ಮ ಮನೆಯ ಲೈನು ನೋಡಬೇಕಿದ್ದರೆ ಸುಲಭ. ಒಡೆಯಬೇಡ ಅನ್ನೋ ಗುರುತು ಹಾಕಿ 1472 ಬೈಟಿನ ಪಿಂಗು ಕಳಿಸಿ. ಉತ್ತರ ಬಂದರೆ ಪೂರ್ತಿ 1500 ಹೋಗುತ್ತಿದೆ. ಬರದಿದ್ದರೆ ಒಂದೊಂದೇ ಇಳಿಸಿ. 1464ಕ್ಕೆ ಬಂದು 1465ಕ್ಕೆ ನಿಂತರೆ ನಡುವೆ ಪಿಪಿಪಿಓಇ ಇದೆ, ಚಿಂತೆಯಿಲ್ಲ. 1468ಕ್ಕೆ ಬಂದು 1469ಕ್ಕೆ ನಿಂತರೆ ಲೈನಿನವರಿಗೆ ಫೋನು ಮಾಡಿ, ಸುಮ್ಮನೆ ಪಿಂಗ್ ಅನ್ನಬೇಡಿ, ಎರಡೂ ಸಂಖ್ಯೆ ಹೇಳಿ.